ಹನ್ನೊಂದು ರಟ್ಟುಗಳು

ಲಮಾರಾ ಟೀಚರ್ ಕಂಕುಳಲ್ಲಿ ಹನ್ನೊಂದು ರಟ್ಟು ಹಿಡಿದು ಬಂದರು.
ಷೂ ಡಬ್ಬಿಯವು, ಸೋಪಿನ ಪೆಟ್ಟಿಗೆಯವು, ಕೇಕಿನದೊಂದು.
ಪ್ರತಿ ಮೂಲೆಗೂ ತಾರೀಖು, ಪ್ರತಿ ಕಲೆಗೂ ಪೆನ್ಸಿಲ್ ಗೆರೆ,
ಅಡ್ಡಳತೆ ಮಿಲಿಮೀಟರಿನಲ್ಲಿ.
"ನೋಡು ಬಾದ್ರಿ, ಮಂಗಳವಾರ ಎಡಕ್ಕಿದೆ, ಗುರುವಾರ ಹಿಂದಕ್ಕೆ,
ಶನಿವಾರ ಎರಡೂ ಕಡೆ. ಇದು ಎಣ್ಣೆಯೋ, ಅಲೆಮಾರಿಯೋ?"

ಹೊರಗೆ ಆಕ್ರೋಟು ಮರದಡಿ ನಿಂತಿತ್ತು ವೋಲ್ಗಾ.
ಅರವತ್ತೊಂದರ ಹುಟ್ಟು, ಹಳಸಿದ ಮಜ್ಜಿಗೆಯ ಬಣ್ಣ,
ಮೂತಿಯ ಮೇಲೆ ನೆಗೆಯುವ ಜಿಂಕೆ:
ಅಂದು ನೆಗೆದದ್ದು ಇನ್ನೂ ನೆಲ ಮುಟ್ಟಿಲ್ಲ.
ಒಂಬತ್ತು ವರ್ಷ ಶೆಡ್ಡಿನಲ್ಲಿ ಮಲಗಿ, ಈ ಮಾರ್ಚಿನಲ್ಲಿ ಎದ್ದು
ಕುತಾಯಿಸಿಯ ಬೀದಿಬೀದಿಗೆ ಸಹಿ ಹಾಕುತ್ತ ತಿರುಗಿದೆ.

ನಾನು ಬಲ್ಲವನಂತೆ ಬಗ್ಗಿದೆ.
ಮೇಲಿನ ಮುಚ್ಚಳದ ಗ್ಯಾಸ್ಕೆಟ್ಟು, ಅಂದೆ. ಬದಲಿಸಿದೆ. ತೊಟ್ಟಿಕ್ಕಿತು.
ತಳದ ತೊಟ್ಟಿಯದು, ಅಂದೆ. ಇಪ್ಪತ್ತು ಚಿಲ್ಲರೆ ಬೋಲ್ಟು ಬಿಚ್ಚಿ ಬಿಗಿದೆ.
ತೊಟ್ಟಿಕ್ಕಿತು.
ಹಿಂದಿನ ಸೀಲು! ಗೇರುಪೆಟ್ಟಿಗೆ ಇಳಿಸಿ
ಎರಡು ದಿನ ಬೆನ್ನ ಮೇಲೆ ಮಲಗಿ, ಹಗ್ಗದಂಥ ಪ್ಯಾಕಿಂಗ್ ತುರುಕಿ
ಎದ್ದು ನಿಂತಾಗ ಸೊಂಟ ಹಿಡಿದಿತ್ತು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ; ಮೂರು ಎಮ್ಮೆಗಳಾದವು.
ಹನ್ನೆರಡನೆಯ ರಟ್ಟು ಬಂತು. ಕಲೆ ಮೊದಲಿಗಿಂತ ದುಂಡಗೆ.

ಎಣ್ಣೆ ಬೀಳುವ ಜಾಗ ಎಣ್ಣೆಯ ಊರಲ್ಲ.
ಅದು ಮೇಲೆಲ್ಲೋ ಹೊರಟು, ಫ್ಯಾನಿನ ಗಾಳಿಗೆ ಹಿಂದೆ ಸರಿದು,
ಬೋಲ್ಟಿನ ತಲೆಯಲ್ಲಿ ಕೂತು ದಣಿವಾರಿಸಿಕೊಂಡು,
ಯಾರದೋ ಮನೆ ಬಾಗಿಲಲ್ಲಿ ಇಳಿದು
ತಪ್ಪನ್ನು ಅವರ ತಲೆಗೆ ಕಟ್ಟುತ್ತದೆ.
ಇದನ್ನು ನಾನು ಹುಡುಗರಿಗೆ ಹೇಳಿಕೊಡುತ್ತೇನೆ. ನನಗೇ ಮರೆತಿತ್ತು.

ಟೀಚರ್ ಚೀಲದಿಂದ ಸೀಮೆಸುಣ್ಣದ ಪುಡಿ ತೆಗೆದರು.
ಮೂವತ್ತೆಂಟು ವರ್ಷ ಬೋರ್ಡಿನ ಕೆಳಗೆ ಉದುರಿದ್ದನ್ನು
ಗುಡಿಸಿ ಇಟ್ಟಿದ್ದರಂತೆ, "ಯಾವುದಕ್ಕಾದರೂ ಆದೀತು."
ಇಂಜಿನ್ನಿಗೆ ಸೀಮೆಎಣ್ಣೆಯ ಸ್ನಾನ ಮಾಡಿಸಿ, ಒರೆಸಿ, ಒಣಗಿಸಿ,
ಮಗುವಿಗೆ ಹಚ್ಚಿದಂತೆ ಪುಡಿ ಹಚ್ಚಿದೆವು.
ರಿಯೋನಿಯ ಸೇತುವೆ ದಾಟಿ ಗುಡ್ಡ ಹತ್ತಿಸಿ ತಂದೆವು.
ಹಲ್ಲಿನ ಡಾಕ್ಟರ ಕನ್ನಡಿ, ಟಾರ್ಚು, ನನ್ನ ಕತ್ತು
ಮೂರೂ ಒಟ್ಟಿಗೆ ಒಳಗೆ ಹೋದವು.

ಕಳ್ಳ ಒಬ್ಬನಲ್ಲ.
ಬಿಳಿಯ ಮೇಲೆ ಅಲ್ಲೊಂದು ಕಂದು ಗೆರೆ, ಇಲ್ಲೊಂದು,
ನಾನು ಮೊನ್ನೆ ಮುಚ್ಚಿದ ಅಂಚಿನಲ್ಲೇ ಇನ್ನೊಂದು.
ಜೋಡಣೆಯಿದ್ದಲ್ಲೆಲ್ಲ ಜಿನುಗು. ಮೈಯೆಲ್ಲ ಬೆವರು.

ಓಡುತ್ತಿರುವಾಗಲೇ ಎಣ್ಣೆ ಹುಯ್ಯುವ ಮುಚ್ಚಳ ತೆಗೆದೆ.
ಅದರ ಜಾಲರಿ ಜಿಡ್ಡಿನಲ್ಲಿ ಕುರುಡಾಗಿತ್ತು.
ಬಾಯಿಗೆ ಅಂಗೈ ಇಟ್ಟೆ.
ಒಳಗಿನಿಂದ ಯಾರೋ ತಳ್ಳಿದರು.

ಆಗ ಹೊಳೆಯಿತು. ಅಡಿಯಲ್ಲಿ ಇಳಿಬಿಟ್ಟ ಉಸಿರುಕೊಳವೆ.
ತಂತಿ ತೂರಿಸಿದೆ. ಗೇಣುದ್ದ ಹೋಗಿ ನಿಂತಿತು.
ತಿರುವಿದೆ. ಉದುರಿತು ಮಣ್ಣು, ಒಣ ಮಣ್ಣು, ಸುಟ್ಟ ಮಣ್ಣು,
ಕುಂಬಾರ ಹುಳ ಕಟ್ಟಿದ ಮನೆ, ಕೋಣೆ ಕೋಣೆ,
ಕೋಣೆಯಲ್ಲಿ ಮರಿಗೆಂದು ತುಂಬಿಟ್ಟ ಜೇಡಗಳು,
ಕಾಲು ಮಡಚಿ, ಇನ್ನೂ ಊಟಕ್ಕೆ ಸಿದ್ಧ.
ಕೊಳವೆ ಒಮ್ಮೆ ಕೆಮ್ಮಿ, ನೀಲಿ ಹೊಗೆ ಉಗುಳಿ
ಉಸಿರಾಡಿತು.

ಹದಿಮೂರನೆಯ ರಟ್ಟು ಹಾಗೇ ಉಳಿಯಿತು. ಟೀಚರ್
ಅದನ್ನು ಬೆಳಕಿಗೆ ಹಿಡಿದರು, ಮೂಸಿದರು, ತಾರೀಖು ಬರೆದರು.
ಆಮೇಲೆ ನನ್ನ ಬಿಲ್ಲು ತೆಗೆದು, ಗ್ಯಾಸ್ಕೆಟ್ಟು, ಬೋಲ್ಟು, ಸೀಲು
ಒಂದೊಂದಕ್ಕೂ ಕೆಂಪು ಗೆರೆ ಎಳೆದು ಕೆಳಗೆ ಬರೆದರು:
"ಐದಕ್ಕೆ ಮೂರು. ಉತ್ತರ ಸರಿ. ಲೆಕ್ಕ ಮಾಡಿದ ರೀತಿ ತಪ್ಪು."
ಅರ್ಧ ದುಡ್ಡೂ ಒಂದು ಬಾಟಲಿ ಹುಳಿ ಪ್ಲಮ್ಮಿನ ಸಾರೂ ಇಟ್ಟು
ಗೇರು ಹಾಕಿ ಹೊರಟರು. ಜಿಂಕೆ ಮುಂದೆ, ಅವರು ಹಿಂದೆ.

ಮಣ್ಣಿನ ಮನೆಯನ್ನು ಸ್ಪ್ಯಾನರುಗಳ ಪಕ್ಕ ಇಟ್ಟಿದ್ದೇನೆ.
ಇವತ್ತು ಬಿಸಿಲೇರುವ ಹೊತ್ತಿಗೆ, ಸಪೂರ ಸೊಂಟದ ಒಂದು ಹುಳ
ಬಾಯಲ್ಲಿ ಹಸಿ ಮಣ್ಣುಂಡೆ ಕಚ್ಚಿ ಒಳಬಂತು.
ಗಾಳಿ ಪೈಪು ನೋಡಿತು, ನಲ್ಲಿ ನೋಡಿತು,
ಬೀಗದ ಕಣ್ಣು ನೋಡಿತು,
ನನ್ನ ಕಿವಿಯ ಹತ್ತಿರ ಬಂದು ಸ್ವಲ್ಪ ಹೊತ್ತು
ಅಳತೆ ತೆಗೆದುಕೊಂಡಿತು.